ಎರಡನೇ ಮದ್ದು ಕೊಳೆ ತಡೆಯಿತೇ? ಡೇಟಾದಲ್ಲಿ ಕಾರಣ ಹುಡುಕುವವರಿಗೆ ಒಂದು ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟ ಇರುವವರಿಗೆ ಜುಲೈ ಬಂತೆಂದರೆ ಕೊಳೆ ರೋಗದ್ದೇ ಚಿಂತೆ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ಮದ್ದು (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿರುತ್ತಾರೆ. ನಲವತ್ತು, ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಯಬೇಕು. ಅಷ್ಟೊತ್ತಿಗೆ ಮಳೆ ಬಿಡುವು ಕೊಡುವುದಿಲ್ಲ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುವುದಿಲ್ಲ, ಕೂಲಿಯೂ ಜಾಸ್ತಿ. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಎರಡು ಸಲ ಹೊಡ್ದವ್ರದ್ದೂ ಹೋತು, ಒಂದೇ ಸಲ ಹೊಡ್ದವ್ರದ್ದೂ ಹೋತು. ಸುಮ್ನೆ ಎಂತಕ್ಕೆ ಖರ್ಚು?"

ಈ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಊರಿನ ತೋಟಗಳ ಲೆಕ್ಕ ಹಾಕಿ ನೋಡಿದರೆ, ಡೇಟಾವೂ ಅದೇ ಮಾತು ಹೇಳಿಬಿಡಬಹುದು. ಎರಡು ಸಲ ಹೊಡೆದ ತೋಟದಲ್ಲೇ ಕೊಳೆ ಜಾಸ್ತಿ ಅಂತ ಕೂಡ ಬರಬಹುದು. ಹಾಗಂತ ಮದ್ದಿನಿಂದ ಕೊಳೆ ಬಂತೇ? ಇಲ್ಲ. ಹಾಗಾದರೆ ಮದ್ದಿನಿಂದ ಎಷ್ಟು ಉಪಯೋಗ ಆಯಿತು ಅಂತ ಅದೇ ಡೇಟಾದಿಂದ ತೆಗೆಯುವುದು ಹೇಗೆ? ಕಾಸಲ್ ಇನ್‌ಫರೆನ್ಸ್, ಅಂದರೆ ಡೇಟಾದಿಂದ ಕಾರಣ ಹುಡುಕುವ ವಿದ್ಯೆ ಹುಟ್ಟಿರುವುದೇ ಇಂಥ ಪ್ರಶ್ನೆಗೆ.

ತೋಟಗಾರಿಕೆ ಓದುವ ವಿದ್ಯಾರ್ಥಿಗಳಿಗೆ, ಸಹಕಾರಿ ಸಂಘದಲ್ಲಿ ಲೆಕ್ಕ ನೋಡುವವರಿಗೆ, ಊರಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಡೇಟಾ ಸೈನ್ಸ್ ಕೆಲಸ ಮಾಡುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಸರಾಸರಿ, ಶೇಕಡಾ ಗೊತ್ತಿದ್ದರೆ ಸಾಕು. ನಾನು ಒತ್ತಿ ಹೇಳುವುದು ಒಂದೇ ವಿಷಯ: ಮದ್ದನ್ನು ಯಾರು ಹೊಡೆದರು, ಯಾಕೆ ಹೊಡೆದರು ಅನ್ನುವುದು ಗೊತ್ತಾಗುವ ತನಕ ಕಂಪ್ಯೂಟರ್ ತೆರೆಯಬೇಡಿ.

ಹಂತ 1: ಪ್ರಶ್ನೆಯನ್ನು "ಹಾಗೆ ಮಾಡದೇ ಇದ್ದಿದ್ದರೆ" ಅಂತ ಬರೆಯಿರಿ

"ಮದ್ದಿಗೂ ಕೊಳೆಗೂ ಸಂಬಂಧ ಇದೆಯೇ?" ಅನ್ನುವುದು ಕಾರಣದ ಪ್ರಶ್ನೆ ಅಲ್ಲ. ಸಂಬಂಧ ಏನು ಬೇಕಾದರೂ ಇರಬಹುದು. ಪ್ರಶ್ನೆಯನ್ನು ಹೀಗೆ ಬರೆಯಿರಿ: ಇದೇ ತೋಟ, ಇದೇ ವರ್ಷದ ಮಳೆ. ಎರಡನೇ ಮದ್ದು ಹೊಡೆದಿದ್ದರೆ ಎಷ್ಟು ಕೊನೆ (ಅಡಿಕೆ ಗೊಂಚಲು) ಹಾಳಾಗುತ್ತಿತ್ತು? ಹೊಡೆಯದೇ ಇದ್ದಿದ್ದರೆ ಎಷ್ಟು? ಈ ಎರಡರ ನಡುವಿನ ವ್ಯತ್ಯಾಸವೇ ಮದ್ದಿನ ಪರಿಣಾಮ.

ತೊಂದರೆ ಏನೆಂದರೆ, ಒಂದು ತೋಟದಲ್ಲಿ ಒಂದೇ ಉತ್ತರ ಕಣ್ಣಿಗೆ ಕಾಣುತ್ತದೆ. ಹೊಡೆದರೆ ಹೊಡೆದದ್ದು, ಬಿಟ್ಟರೆ ಬಿಟ್ಟದ್ದು. ಇನ್ನೊಂದು ಉತ್ತರ ಯಾವತ್ತೂ ಸಿಗುವುದಿಲ್ಲ. ಈ ಯೋಚನೆಯನ್ನು ಗಣಿತದಲ್ಲಿ ಮೊದಲು ಬರೆದವರು ಜೆರ್ಜಿ ನೇಮನ್, 1923ರಲ್ಲಿ, ಅದೂ ಕೃಷಿ ಪ್ರಯೋಗದ ಬಗ್ಗೆಯೇ. 1974ರಲ್ಲಿ ಡೊನಾಲ್ಡ್ ರೂಬಿನ್ ಅದನ್ನು ಪ್ರಯೋಗವಲ್ಲದ ಡೇಟಾಕ್ಕೂ ಹಿಗ್ಗಿಸಿದರು. ಆಮೇಲೆ ಬಂದ ಎಲ್ಲ ವಿಧಾನಗಳೂ ಆ ಕಾಣದ ಉತ್ತರಕ್ಕೆ ಬೇರೆ ತೋಟದಿಂದ ಒಂದು ಒಳ್ಳೆಯ ಬದಲಿ ಹುಡುಕುವ ದಾರಿಗಳೇ.

ಯಾರ ಬಗ್ಗೆ ಕೇಳುತ್ತಿದ್ದೀರಿ ಅನ್ನುವುದನ್ನೂ ಇಲ್ಲೇ ಬರೆದಿಡಿ. ಎಲ್ಲ ತೋಟಗಳ ಸರಾಸರಿಯೇ? ಈಗಾಗಲೇ ಹೊಡೆಯುವವರದ್ದೇ? ಈಗ ಹೊಡೆಯದೇ ಇರುವವರದ್ದೇ? ಮೂರಕ್ಕೂ ಉತ್ತರ ಬೇರೆ ಬರುತ್ತದೆ. ಹಂತ 5ರಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ.

ಹಂತ 2: "ಮದ್ದು ಹೊಡೆದರು" ಅಂದರೆ ಏನು?

ಇದನ್ನು ಬಹಳ ಜನ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ.

ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವುದು ಹೀಗೆ. ಒಂದು ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ ಕರಗಿಸಬೇಕು. ಇನ್ನೊಂದು ಪಾತ್ರೆಯಲ್ಲಿ ಒಂದು ಕೆಜಿ ಸುಣ್ಣವನ್ನು 50 ಲೀಟರ್ ನೀರಲ್ಲಿ ಕದಡಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಸುರಿಯುತ್ತಾ ಕೋಲಿನಿಂದ ತಿರುಗಿಸಬೇಕು. ಡ್ರಮ್ಮು ಪ್ಲಾಸ್ಟಿಕ್‌ನದ್ದಾಗಿರಬೇಕು, ಕಬ್ಬಿಣದ ಪಾತ್ರೆ ಆಗುವುದಿಲ್ಲ. ಹದ ನೋಡಲು ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಹೊಡೆದ ಮೇಲೆ ಕೊನೆ ಒಣಗುವಷ್ಟು ಹೊತ್ತಾದರೂ ಮಳೆ ಬಿಡುವು ಕೊಡಬೇಕು.

ಈಗ ನಿಮ್ಮ ಎಕ್ಸೆಲ್ ಹಾಳೆ ನೋಡಿ. "ಎರಡನೇ ಸಲ ಹೊಡೆದಿದ್ದಾರೆ: ಹೌದು / ಇಲ್ಲ" ಅಂತ ಒಂದೇ ಕಾಲಂ ಇದೆ. ಕತ್ತಿ ಅದ್ದಿ ಹದ ನೋಡಿದವರೂ "ಹೌದು", ಹಳೆಯ ಸುಣ್ಣ ಹಾಕಿ ಅಂದಾಜಿನಲ್ಲಿ ಕಲಸಿದವರೂ "ಹೌದು". ಜುಲೈ 10ಕ್ಕೆ ಹೊಡೆದವರೂ "ಹೌದು", ಕೊಳೆ ಕಂಡ ಮೇಲೆ ಆಗಸ್ಟ್‌ನಲ್ಲಿ ಓಡಾಡಿ ಹೊಡೆಸಿದವರೂ "ಹೌದು". ಇದು ಒಂದು ಚಿಕಿತ್ಸೆಯಲ್ಲ, ನಾಲ್ಕೈದು ಚಿಕಿತ್ಸೆಗಳ ಕಲಬೆರಕೆ. ಅದರ ಸರಾಸರಿ ತೆಗೆದು ರೈತರ ಮುಂದಿಟ್ಟರೆ ಅವರು ಅದನ್ನಿಟ್ಟುಕೊಂಡು ಏನು ಮಾಡಬೇಕು?

ಹಾಗಾಗಿ ವ್ಯಾಖ್ಯೆ ಬಿಗಿಯಾಗಿರಲಿ. "ಮೊದಲ ಮದ್ದಿನಿಂದ 40ರಿಂದ 45 ದಿನದೊಳಗೆ, ಶೇಕಡಾ 1ರ ದ್ರಾವಣ, ಹದ ನೋಡಿ, ಕೊಳೆ ಕಾಣುವ ಮೊದಲೇ" ಹೊಡೆದಿದ್ದರೆ ಮಾತ್ರ ಹೌದು. ಫಲಿತಾಂಶಕ್ಕೂ ಹಾಗೇ. "ಕೊಳೆ ಬಂತು" ಅಂದರೆ ನೂರರಲ್ಲಿ ಎಷ್ಟು ಕೊನೆ, ಯಾವ ದಿನಾಂಕದೊಳಗೆ?

ಹಂತ 3: ಯಾರು ಹೊಡೆದರು, ಯಾಕೆ ಹೊಡೆದರು

ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ಇದಕ್ಕೆ ಲ್ಯಾಪ್‌ಟಾಪ್ ಬೇಡ. ತೋಟಕ್ಕೆ ಹೋಗಿ, ಜಗುಲಿಯಲ್ಲಿ ಕೂತು ಕೇಳಬೇಕು.

ಕೇಳಿದರೆ ಏನು ಗೊತ್ತಾಗುತ್ತದೆ? ಎರಡು ಗುಡ್ಡದ ನಡುವಿನ ತಗ್ಗಿನಲ್ಲಿರುವ ತೋಟದವರು ತಪ್ಪದೆ ಎರಡನೇ ಮದ್ದು ಹೊಡೆಸುತ್ತಾರೆ. ಅಲ್ಲಿ ಬಿಸಿಲು ಬೀಳುವುದು ಕಡಿಮೆ, ಗಾಳಿ ಆಡುವುದಿಲ್ಲ, ಕೊನೆ ಸದಾ ಒದ್ದೆ. ಹೋದ ವರ್ಷ ಕೊಳೆಯಿಂದ ಏಟು ತಿಂದವರೂ ಹೊಡೆಸುತ್ತಾರೆ. ಎತ್ತರದ, ಗಾಳಿ ಬೆಳಕು ಚೆನ್ನಾಗಿರುವ ತೋಟದವರು "ನಮ್ಮಲ್ಲಿ ಅಷ್ಟೇನೂ ಬರುವುದಿಲ್ಲ" ಅಂತ ಬಿಡುತ್ತಾರೆ. ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಇರುವ ಮನೆಯವರು ನೆಲದ ಮೇಲೆ ನಿಂತೇ ಹೊಡೆಯುತ್ತಾರೆ, ಕೊನೆಗೌಡರಿಗೆ ಕಾಯುವುದಿಲ್ಲ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಕೆಲಸ ಹಿಂದೆ ಬೀಳುತ್ತದೆ.

ಅಂದರೆ ಅಪಾಯ ಜಾಸ್ತಿ ಇರುವ ತೋಟಕ್ಕೇ ಮದ್ದೂ ಜಾಸ್ತಿ ಬೀಳುತ್ತದೆ. ತಗ್ಗು ಜಾಗವೇ ಮದ್ದನ್ನೂ ತರಿಸುತ್ತದೆ, ಕೊಳೆಯನ್ನೂ ತರುತ್ತದೆ. ಹೀಗೆ ಎರಡೂ ಕಡೆ ಕೈಯಾಡಿಸುವ ಸಂಗತಿಗೆ ಕನ್‌ಫೌಂಡರ್ ಅನ್ನುತ್ತಾರೆ. ಸಿದ್ದಾಪುರದ ಕಡೆ ಮಂಗನ ಕಾಯಿಲೆಯಲ್ಲೂ ಇದೇ ಕಥೆ. ಈ ಕಾಯಿಲೆ ಹರಡುವ ಉಣ್ಣೆ (ಉಣುಗು) ಕಚ್ಚದಂತೆ ಕೊಡುವ ಡೆಪಾ ಎಣ್ಣೆಯನ್ನು ಹೆಚ್ಚು ಹಚ್ಚಿಕೊಳ್ಳುವವರು ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಅಂತ ದಿನಾ ಕಾಡಿಗೆ ಹೋಗುವವರೇ. ಎಣ್ಣೆ ಹಚ್ಚಿದವರನ್ನೂ ಹಚ್ಚದವರನ್ನೂ ನೇರ ಹೋಲಿಸಿದರೆ ಎಣ್ಣೆಯದ್ದೇ ತಪ್ಪು ಅನ್ನುವಂತೆ ಕಾಣಬಹುದು.

ಇದು ತಿರುಗುಮುರುಗು ಆಗುವುದೂ ಉಂಟು. ಮುಟ್ಟು ನಿಂತ ಮಹಿಳೆಯರಿಗೆ ಕೊಡುವ ಹಾರ್ಮೋನ್ ಮಾತ್ರೆ ಹೃದಯಕ್ಕೆ ಒಳ್ಳೆಯದು ಅಂತ ಹಲವು ವರ್ಷ ಬರೀ ಗಮನಿಸಿ ಮಾಡಿದ ಅಧ್ಯಯನಗಳು ಹೇಳಿದ್ದವು. ಆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಹೆಚ್ಚಾಗಿ ಅನುಕೂಲಸ್ಥರು, ಆರೋಗ್ಯದ ಬಗ್ಗೆ ಕಾಳಜಿ ಇದ್ದವರು. ಅಮೆರಿಕದಲ್ಲಿ 16,608 ಮಹಿಳೆಯರನ್ನು ಲಾಟರಿಯಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದಾಗ ಲಾಭಕ್ಕಿಂತ ಅಪಾಯವೇ ಹೆಚ್ಚು ಅಂತ ಕಂಡು, 2002ರಲ್ಲಿ ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು.

ಹಂತ 4: ಬಾಣದ ಚಿತ್ರ ಬರೆಯಿರಿ

ಕೇಳಿ ತಿಳಿದದ್ದನ್ನು ಒಂದು ಹಾಳೆಯಲ್ಲಿ ಬಾಣ ಹಾಕಿ ಬರೆಯಿರಿ. ತಗ್ಗು ಜಾಗದಿಂದ ಮದ್ದಿಗೆ ಒಂದು ಬಾಣ, ಕೊಳೆಗೆ ಒಂದು ಬಾಣ. ಹೋದ ವರ್ಷದ ನಷ್ಟದಿಂದಲೂ ಹಾಗೇ ಎರಡು. ಮದ್ದಿನಿಂದ ಕೊಳೆಗೆ ಒಂದು. ನಮಗೆ ಬೇಕಾದ್ದು ಈ ಕೊನೆಯ ಬಾಣ ಮಾತ್ರ. ಈ ಚಿತ್ರಕ್ಕೆ ಡ್ಯಾಗ್ ಅನ್ನುತ್ತಾರೆ. ಇದನ್ನು ಬರೀ ಚಿತ್ರವಾಗಿ ಬಿಡದೆ ಲೆಕ್ಕದ ನಿಯಮವಾಗಿ ಬೆಳೆಸಿದವರಲ್ಲಿ ಮುಖ್ಯರು ಜೂಡಿಯಾ ಪರ್ಲ್. ಅವರಿಗೆ 2011ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಯಾವುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಅಂತ ಚಿತ್ರವೇ ಹೇಳುತ್ತದೆ. ಮೊದಲನೆಯದು ಕನ್‌ಫೌಂಡರ್. ತಗ್ಗು ಜಾಗ, ಹೋದ ವರ್ಷದ ನಷ್ಟ, ಮರದ ವಯಸ್ಸು, ಇಂಥವನ್ನು ಸೇರಿಸಿಕೊಳ್ಳಲೇಬೇಕು.

ಎರಡನೆಯದು, ಮದ್ದು ಹೊಡೆದ ಮೇಲೆ ನಡೆದದ್ದು. ಮೂರನೇ ಮದ್ದನ್ನೇ ತಗೊಳ್ಳಿ. ಎರಡನೆಯದು ಹೊಡೆದ ಮೇಲೂ ಕೊಳೆ ಕಂಡರೆ ಮೂರನೆಯದು ಹೊಡೆಯುತ್ತಾರೆ. ಅದು ಎರಡನೇ ಮದ್ದಿನ ಫಲವನ್ನೇ ನೋಡಿಕೊಂಡು ಮಾಡಿದ ತೀರ್ಮಾನ. ಅದನ್ನು "ಕಂಟ್ರೋಲ್" ಮಾಡುತ್ತೇನೆ ಅಂತ ರಿಗ್ರೆಷನ್‌ಗೆ (ಹಲವು ಸಂಗತಿಗಳ ಪ್ರಭಾವವನ್ನು ಬೇರ್ಪಡಿಸಿ ನೋಡುವ ಲೆಕ್ಕಕ್ಕೆ) ಹಾಕಿದರೆ, ಅಳೆಯಬೇಕಾದ ಪರಿಣಾಮದ ಒಂದು ಭಾಗವನ್ನು ನಾವೇ ಒರೆಸಿ ಹಾಕಿದಂತೆ. ಡೇಟಾದಲ್ಲಿ ಇರುವ ಕಾಲಂಗಳನ್ನೆಲ್ಲ ಮಾಡೆಲ್‌ಗೆ ತುಂಬುವ ಅಭ್ಯಾಸ ಈಗ ಜಾಸ್ತಿ ಆಗಿದೆ. ಮುಂದೆ ಏನಾಗಬಹುದು ಅಂತ ಊಹಿಸುವ ಕೆಲಸಕ್ಕೆ ಅದು ನಡೆಯಬಹುದು. ಕಾರಣ ಹುಡುಕುವ ಕೆಲಸಕ್ಕೆ ನಡೆಯುವುದಿಲ್ಲ.

ಮೂರನೆಯದು ಕೊಲೈಡರ್, ಅಂದರೆ ಎರಡು ಕಡೆಯಿಂದ ಬಾಣ ಬಂದು ಸೇರುವ ಸಂಗತಿ. ಇದೇ ಎಲ್ಲಕ್ಕಿಂತ ಮೋಸದ್ದು. ಕೊಳೆ ಹಿಡಿದ ಅಡಿಕೆ ತಂದು ಸಲಹೆ ಕೇಳಲು ಕಚೇರಿಗೆ ಬಂದ ರೈತರ ಪಟ್ಟಿಯಷ್ಟೇ ನಿಮ್ಮ ಹತ್ತಿರ ಇದೆ ಅಂದುಕೊಳ್ಳಿ. ಅಲ್ಲಿಗೆ ಯಾರು ಬರುತ್ತಾರೆ? ಒಂದೋ ಕೊಳೆ ಜೋರಾಗಿ ಕಂಗಾಲಾದವರು, ಇಲ್ಲವೇ ಸಣ್ಣ ಲಕ್ಷಣ ಕಂಡರೂ ಓಡಿಬರುವ ಜಾಗರೂಕರು. ಜಾಗರೂಕರು ಮದ್ದನ್ನೂ ಸರಿಯಾಗಿ ಹೊಡೆದಿರುತ್ತಾರೆ. ಆ ಪಟ್ಟಿಯೊಳಗೆ ಮಾತ್ರ ನೋಡಿದರೆ, ಮದ್ದು ಹೊಡೆಯದವರೆಲ್ಲ ಭಾರೀ ನಷ್ಟದವರು. ಹೊಡೆಯದೆಯೂ ಕೊಳೆ ಬಾರದವರು ಮನೆಯಲ್ಲೇ ಇದ್ದಾರೆ, ಪಟ್ಟಿಗೆ ಬಂದೇ ಇಲ್ಲ. ಮದ್ದು ಇರುವುದಕ್ಕಿಂತ ದೊಡ್ಡ ಪವಾಡದಂತೆ ಕಾಣುತ್ತದೆ. ಆಸ್ಪತ್ರೆಗೆ ಬಂದವರ ಡೇಟಾದಲ್ಲಿ ಇಂಥದ್ದು ಆಗುತ್ತದೆ ಅಂತ ಜೋಸೆಫ್ ಬರ್ಕ್‌ಸನ್ 1946ರಲ್ಲೇ ತೋರಿಸಿದ್ದರು. ಯಾವ ಡೇಟಾ ಕೈಗೆ ಬಂದರೂ ಮೊದಲು ಕೇಳಿ: ಈ ಪಟ್ಟಿಯಲ್ಲಿ ಯಾರಿಲ್ಲ?

ಹಂತ 5: ಈಗ ಲೆಕ್ಕ

ಕೆಳಗಿನ ಸಂಖ್ಯೆಗಳು ಲೆಕ್ಕ ತಿಳಿಸುವುದಕ್ಕಾಗಿ ನಾನೇ ಹಾಕಿಕೊಂಡವು, ಯಾವ ಊರಿನ ಸಮೀಕ್ಷೆಯೂ ಅಲ್ಲ. ಪೆನ್ನು ಹಿಡಿದು ಜೊತೆಗೇ ಮಾಡಿ.

ಒಟ್ಟು 200 ತೋಟ. ತಗ್ಗಿನಲ್ಲಿ 100, ಎತ್ತರದಲ್ಲಿ 100.

ತಗ್ಗಿನ 100ರಲ್ಲಿ 80 ತೋಟಕ್ಕೆ ಎರಡು ಸಲ ಮದ್ದು ಬಿದ್ದಿದೆ. ಅವುಗಳಲ್ಲಿ 24ಕ್ಕೆ ಜೋರು ಕೊಳೆ, ಅಂದರೆ ಶೇ 30. ಒಂದೇ ಸಲ ಹೊಡೆದ 20ರಲ್ಲಿ 10ಕ್ಕೆ, ಅಂದರೆ ಶೇ 50.

ಎತ್ತರದ 100ರಲ್ಲಿ ಎರಡು ಸಲ ಹೊಡೆದದ್ದು 20. ಅದರಲ್ಲಿ 1ಕ್ಕೆ ಕೊಳೆ, ಶೇ 5. ಒಂದೇ ಸಲ ಹೊಡೆದ 80ರಲ್ಲಿ 12ಕ್ಕೆ, ಶೇ 15.

ಮೊದಲು ಎಲ್ಲವನ್ನೂ ಒಟ್ಟು ಹಾಕಿ ನೋಡೋಣ. ಎರಡು ಸಲ ಹೊಡೆದ 100ರಲ್ಲಿ 25ಕ್ಕೆ ಕೊಳೆ. ಒಂದು ಸಲ ಹೊಡೆದ 100ರಲ್ಲಿ 22ಕ್ಕೆ. ನೋಡಿದಿರಾ, ಎರಡು ಸಲ ಹೊಡೆದವರಿಗೇ ಜಾಸ್ತಿ! ಆದರೆ ತಗ್ಗಿನಲ್ಲೂ ಮದ್ದು ಗೆದ್ದಿದೆ, ಎತ್ತರದಲ್ಲೂ ಗೆದ್ದಿದೆ. ಒಟ್ಟು ಮಾಡಿದಾಗ ಮಾತ್ರ ಸೋಲುತ್ತದೆ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಅನ್ನುತ್ತಾರೆ.

ಕಾಗದದ ಮೇಲಷ್ಟೇ ಅಲ್ಲ, ನಿಜವಾಗಿಯೂ ಇದು ಆಗುತ್ತದೆ. 1986ರಲ್ಲಿ ಬ್ರಿಟನ್ನಿನಲ್ಲಿ ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಗಳನ್ನು ಹೋಲಿಸಿದರು. ಒಟ್ಟಾರೆ ನೋಡಿದರೆ ತೆರೆದ ಶಸ್ತ್ರಚಿಕಿತ್ಸೆ ಶೇ 78 ಯಶಸ್ವಿ, ಸಣ್ಣ ರಂಧ್ರದ ಮೂಲಕ ಮಾಡುವ ಹೊಸ ವಿಧಾನ ಶೇ 83. ಆದರೆ ಸಣ್ಣ ಕಲ್ಲಿನಲ್ಲಿ ತೆರೆದ ಶಸ್ತ್ರಚಿಕಿತ್ಸೆ 93, ಹೊಸದು 87. ದೊಡ್ಡ ಕಲ್ಲಿನಲ್ಲಿ 73ಕ್ಕೆ 69. ಎರಡರಲ್ಲೂ ಹಳೆಯದೇ ಮೇಲು. ಕಷ್ಟದ, ದೊಡ್ಡ ಕಲ್ಲಿನ ರೋಗಿಗಳು ಹೆಚ್ಚಾಗಿ ತೆರೆದ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ನಮ್ಮ ತಗ್ಗಿನ ತೋಟದ ಹಾಗೇ.

ಸರಿಪಡಿಸುವುದು ಸುಲಭ. ಎಲ್ಲ 200 ತೋಟಕ್ಕೂ ಎರಡು ಸಲ ಬಿದ್ದಿದ್ದರೆ? ತಗ್ಗಿನಲ್ಲಿ 30, ಎತ್ತರದಲ್ಲಿ 5, ಒಟ್ಟು 35 ತೋಟಕ್ಕೆ ಕೊಳೆ. ಎಲ್ಲಕ್ಕೂ ಒಂದೇ ಸಲ ಬಿದ್ದಿದ್ದರೆ? 50 ಮತ್ತು 15, ಒಟ್ಟು 65. ಶೇಕಡಾದಲ್ಲಿ 17.5 ಮತ್ತು 32.5. ವ್ಯತ್ಯಾಸ 15 ಶೇಕಡಾ ಅಂಶ. ಇದೇ ಎಲ್ಲ ತೋಟಗಳ ಸರಾಸರಿ ಪರಿಣಾಮ.

ಈಗ ಹಂತ 1ರ ಮೂರು ಪ್ರಶ್ನೆಗೆ ಬನ್ನಿ. ಮದ್ದಿನ ಲಾಭ ತಗ್ಗಿನಲ್ಲಿ 20 ಅಂಶ, ಎತ್ತರದಲ್ಲಿ 10. ಈಗಾಗಲೇ ಎರಡು ಸಲ ಹೊಡೆಯುವವರಲ್ಲಿ ನೂರಕ್ಕೆ 80 ತಗ್ಗಿನವರು. ಅವರಿಗೆ ಆದ ಲಾಭ 18. ಹೊಡೆಯದೇ ಇರುವವರಲ್ಲಿ 20 ಮಾತ್ರ ತಗ್ಗಿನವರು. ಅವರು ಹೊಡೆದಿದ್ದರೆ ಆಗುತ್ತಿದ್ದ ಲಾಭ 12. ಹೊಡೆಯದವರಿಗೆ ಮೈಲುತುತ್ತಕ್ಕೆ ಸಬ್ಸಿಡಿ ಕೊಡಬೇಕೇ ಅಂತ ಯೋಚಿಸುತ್ತಿರುವ ಸಂಘಕ್ಕೆ ಬೇಕಾದ್ದು 12. ವರದಿಯಲ್ಲಿ 18 ಬರೆದು ಕೊಟ್ಟರೆ ಲೆಕ್ಕ ಸರಿಯಿದ್ದರೂ ತೀರ್ಮಾನ ತಪ್ಪುತ್ತದೆ.

ಅನಿಶ್ಚಿತತೆಯನ್ನೂ ಬರೆಯಿರಿ. ತಗ್ಗಿನಲ್ಲಿ ಒಂದೇ ಸಲ ಹೊಡೆದದ್ದು 20 ತೋಟ ಅಷ್ಟೇ. ಹಾಗಾಗಿ ಆ 15 ಅಂಶದ ಶೇ 95ರ ವ್ಯಾಪ್ತಿ (ನಿಜವಾದ ಉತ್ತರ ಇರಬಹುದಾದ ಹರವು) ಹೆಚ್ಚುಕಡಿಮೆ 1.5ರಿಂದ 28.5ರ ತನಕ ಹರಡಿದೆ. 15 ಅಂತ ಮಾತ್ರ ಬರೆದು ಸುಮ್ಮನಾಗುವುದು ನ್ಯಾಯವಲ್ಲ.

ಕನ್‌ಫೌಂಡರ್ ಒಂದೇ ಇದ್ದಾಗ ಹೀಗೆ ಕೈಲೆಕ್ಕ ಸಾಕು. ಏಳೆಂಟು ಇದ್ದಾಗ ರಿಗ್ರೆಷನ್ ಬೇಕಾಗುತ್ತದೆ, ಇಲ್ಲವೇ ಪ್ರೊಪೆನ್ಸಿಟಿ ಸ್ಕೋರ್. 1983ರಲ್ಲಿ ರೋಸೆನ್‌ಬಾಮ್ ಮತ್ತು ರೂಬಿನ್ ಕೊಟ್ಟ ಈ ವಿಧಾನದಲ್ಲಿ, ಒಂದು ತೋಟದ ಗುಣಗಳನ್ನೆಲ್ಲ ನೋಡಿ ಅದಕ್ಕೆ ಮದ್ದು ಬೀಳುವ ಸಾಧ್ಯತೆ ಎಷ್ಟು ಅಂತ ಒಂದೇ ಸಂಖ್ಯೆ ತೆಗೆಯುತ್ತಾರೆ. ಆಮೇಲೆ ಸಮಾನ ಸಾಧ್ಯತೆ ಇರುವವರನ್ನು ಹೋಲಿಸುತ್ತಾರೆ. ಒಳ್ಳೆಯ ಉಪಕರಣ. ಆದರೆ ಈ ಹೆಸರು ಕೇಳಿದ ಕೂಡಲೇ ವರದಿ ಗಟ್ಟಿ ಅಂತ ನಂಬುವವರಿದ್ದಾರೆ. ನೀವು ಅಳೆಯದೇ ಬಿಟ್ಟ ಸಂಗತಿಯನ್ನು ಯಾವ ಸ್ಕೋರೂ ಸರಿಪಡಿಸುವುದಿಲ್ಲ.

ಇನ್ನೊಂದು ನೋಡಲೇಬೇಕು. ಪ್ರತಿ ಗುಂಪಿನಲ್ಲೂ ಹೊಡೆದವರೂ ಇರಬೇಕು, ಹೊಡೆಯದವರೂ ಇರಬೇಕು. ಕರಾವಳಿಯ ಮೀನುಗಾರಿಕೆ ನಿಷೇಧ ನೋಡಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್‌ನಲ್ಲಿ ಕಾರವಾರದ ಬೈತಖೋಲ ಬಂದರಿಗೆ ಬುಟ್ಟಿಗಟ್ಟಲೆ ಮೀನು ಬಂದರೆ ಅದು ನಿಷೇಧದ ಫಲವೇ? ಇರಬಹುದು. ಆದರೆ ಎಲ್ಲ ಬೋಟುಗಳೂ ಪ್ರತಿ ವರ್ಷ ಅದೇ ದಿನ ನಿಲ್ಲುತ್ತವೆ. ಅದೇ ಮಳೆಗಾಲದಲ್ಲಿ ಆಳದ ಪೋಷಕಾಂಶ ತುಂಬಿದ ನೀರು ಮೇಲೆ ಬಂದು ಕಡಲೇ ಸಮೃದ್ಧವಾಗುತ್ತದೆ. ನಿಷೇಧ ಇಲ್ಲದ ಮಳೆಗಾಲ ಹೋಲಿಕೆಗೆ ಸಿಗುವುದೇ ಇಲ್ಲ. ಬಂದರಿನ ಆಗಸ್ಟ್ ತಿಂಗಳ ಲೆಕ್ಕವೊಂದನ್ನೇ ಇಟ್ಟುಕೊಂಡು ಇದಕ್ಕೆ ಉತ್ತರ ತೆಗೆಯಲು ಆಗದು. ಆಗದು ಅಂತ ಬರೆಯುವುದೂ ಕೆಲಸದ ಭಾಗವೇ.

ಹಂತ 6: ಲಾಟರಿ ಹಾಕಲು ಆಗುತ್ತದಾ ನೋಡಿ

ಎಲ್ಲಕ್ಕಿಂತ ಗಟ್ಟಿ ದಾರಿ ಲಾಟರಿ. ಯಾರಿಗೆ ಮದ್ದು ಅಂತ ಚೀಟಿ ಎತ್ತಿ ತೀರ್ಮಾನಿಸಿದರೆ ತಗ್ಗು, ಎತ್ತರ, ಜಾಗರೂಕತೆ ಎಲ್ಲವೂ ಎರಡೂ ಕಡೆ ಸರಾಸರಿಯಲ್ಲಿ ಸಮ ಆಗುತ್ತವೆ, ನಾವು ಅಳೆಯದೇ ಇದ್ದವೂ ಸಹ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಇದನ್ನು ಬೆಳೆಸಿದ್ದು ಹೊಲದ ಮಡಿಗಳ ಮೇಲೇ.

ನಮ್ಮಲ್ಲಿ ಒಂದು ತೊಡಕು ಇದೆ. ಕೊಳೆ ತರುವ ಫೈಟಾಫ್ತೊರಾ ಮಳೆ ಹನಿಯ ಸಿಡಿತದಲ್ಲಿ, ಗಾಳಿಯಲ್ಲಿ ಹರಡುತ್ತದೆ. ಪಕ್ಕದ ತೋಟಕ್ಕೆ ಹೊಡೆಯದಿದ್ದರೆ ನನ್ನ ತೋಟಕ್ಕೂ ಬರುತ್ತದೆ. ಪಕ್ಕದವರು ಹೊಡೆದರೆ ನನಗೂ ಲಾಭ. ಆಗ "ನನ್ನ ತೋಟದ ಮದ್ದಿನ ಪರಿಣಾಮ" ಅಂತ ಬೇರೆ ಮಾಡಿ ಹೇಳುವುದು ಕಷ್ಟ. ಹಾಗಾಗಿ ಒಂದೊಂದು ತೋಟಕ್ಕೆ ಚೀಟಿ ಎತ್ತಬೇಡಿ. ಒಂದು ಕಣಿವೆ ಅಥವಾ ಒಂದು ಕೇರಿಯ ತೋಟಗಳನ್ನೆಲ್ಲ ಒಂದು ಘಟಕ ಮಾಡಿ, ಘಟಕಕ್ಕೆ ಚೀಟಿ ಎತ್ತಿ. ಘಟಕಗಳ ಸಂಖ್ಯೆ ಕಡಿಮೆಯಾಗಿ ವ್ಯಾಪ್ತಿ ಇನ್ನೂ ಅಗಲ ಆಗುತ್ತದೆ. ಅದನ್ನು ಒಪ್ಪಿಕೊಳ್ಳಬೇಕು.

ಮದ್ದು ಹೊಡೆಯಬೇಡಿ ಅಂತ ಯಾರಿಗೂ ಹೇಳಬೇಕಾಗಿಲ್ಲ. ಹಾಗೆ ಹೇಳುವುದು ತಪ್ಪು ಕೂಡ. 1910ರ ಹೊತ್ತಿಗೇ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೊಳೆ ರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ಸಿಂಪಡಣೆಗೆ ದಾರಿ ಮಾಡಿದ್ದರು. ಸಂಘದ ಬಳಿ ಈ ವರ್ಷ ದೋಟಿ ತಂಡ ಕಳಿಸಲು ಅರ್ಧ ಕೇರಿಗಳಿಗಷ್ಟೇ ಹಣ ಇದೆ ಅಂದುಕೊಳ್ಳಿ. ಯಾರಿಗೆ ಮೊದಲು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ, ಉಳಿದವರಿಗೆ ಮುಂದಿನ ವರ್ಷ ಕಳಿಸಿ. ಹಂಚಿಕೆಯೂ ನ್ಯಾಯವಾಗುತ್ತದೆ, ಉತ್ತರವೂ ಸಿಗುತ್ತದೆ.

ಲಾಟರಿ ಆಗದಿದ್ದರೆ, ಯಾರೋ ನಮಗಾಗಿ ಲಾಟರಿ ಹಾಕಿದಂತಾಗಿರುವ ಸಂದರ್ಭ ಹುಡುಕಿ. 1854ರ ಲಂಡನ್ ಕಾಲರಾದಲ್ಲಿ ಜಾನ್ ಸ್ನೋ ಮಾಡಿದ್ದು ಅದೇ. ಒಂದೇ ಬೀದಿಯ ಮನೆಗಳಿಗೆ ಎರಡು ಕಂಪನಿಗಳ ನೀರು ಬರುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ಥೇಮ್ಸ್ ನದಿಯ ಮೇಲ್ಭಾಗದಿಂದ ನೀರೆತ್ತಲು ಶುರು ಮಾಡಿತ್ತು. ಇನ್ನೊಂದು ಕಂಪನಿ ಊರಿನ ಕೊಳಚೆ ಸೇರುವ ಜಾಗದಿಂದಲೇ ಎತ್ತುತ್ತಿತ್ತು. 10,000 ಮನೆಗೆ ಸಾವಿನ ಲೆಕ್ಕ ಹಾಕಿದಾಗ ಲ್ಯಾಂಬೆತ್ ಮನೆಗಳಲ್ಲಿ 37, ಇನ್ನೊಂದರಲ್ಲಿ 315. ಕಾಲರಾ ರೋಗಾಣುವಿನಿಂದ ಬರುತ್ತದೆ ಅಂತ ವೈದ್ಯಲೋಕ ಒಪ್ಪುವುದಕ್ಕಿಂತ ಎಷ್ಟೋ ಮೊದಲಿನ ಮಾತು ಇದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆ ಅಂಥ ಒಂದು ಅವಕಾಶ. ಗ್ರಾಮ ಪಂಚಾಯಿತಿಯ ಮಳೆ ಮಾಪನ ನಿಗದಿತ ಮಟ್ಟ ದಾಟಿದರೆ ಅಡಿಕೆಗೆ ಪರಿಹಾರ ಬರುತ್ತದೆ. ಮಟ್ಟಕ್ಕಿಂತ ಚೂರು ಮೇಲಿರುವ ಪಂಚಾಯಿತಿಗೂ ಚೂರು ಕೆಳಗಿರುವ ಪಂಚಾಯಿತಿಗೂ ಮಳೆಯಲ್ಲಿ ಹೆಚ್ಚೇನೂ ವ್ಯತ್ಯಾಸ ಇರುವುದಿಲ್ಲ. ಒಬ್ಬರಿಗೆ ದುಡ್ಡು ಬಂತು, ಇನ್ನೊಬ್ಬರಿಗೆ ಬರಲಿಲ್ಲ. ಕೈಯಲ್ಲಿ ದುಡ್ಡಿದ್ದವರು ಮುಂದಿನ ಮಳೆಗಾಲ ಮದ್ದನ್ನು ಸಮಯಕ್ಕೆ ಹೊಡೆದರೇ ಅಂತ ಕೇಳಬಹುದು. ಇದು ರಿಗ್ರೆಷನ್ ಡಿಸ್‌ಕಂಟಿನ್ಯೂಟಿ ವಿಧಾನ. ಮಟ್ಟದಿಂದ ದೂರ ಹೋದಷ್ಟೂ ಹೋಲಿಕೆ ಸಡಿಲವಾಗುತ್ತದೆ.

ಇನ್ನೊಂದು, ಮೊದಲು-ಆಮೇಲೆ ಹೋಲಿಕೆಯ ಜೋಡಿ. 1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳಲ್ಲಿ ಮೊದಲು ಮತ್ತು ಆಮೇಲೆ ಕೆಲಸಗಾರರ ಲೆಕ್ಕ ತೆಗೆದು, ಬದಲಾವಣೆಯನ್ನು ಬದಲಾವಣೆಗೆ ಹೋಲಿಸಿದರು. ಕೆಲಸ ಕಡಿಮೆ ಆಗಿರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ದೋಟಿ ತಂಡ ಹೋದ ಊರು, ಹೋಗದ ಊರುಗಳ ನಡುವೆಯೂ ಹೀಗೇ ಮಾಡಬಹುದು. ಆದರೆ ತಂಡ ಇಲ್ಲದಿದ್ದರೆ ಎರಡೂ ಊರು ಒಂದೇ ರೀತಿ ಏರಿಳಿಯುತ್ತಿದ್ದವು ಅನ್ನುವುದು ಇಲ್ಲಿನ ನಂಬಿಕೆ. ಘಟ್ಟದ ಮೇಲಿನ ಶಿರಸಿಯ ಊರಿಗೆ ಕೆಳಗಿನ ಕುಮಟಾದ ಊರನ್ನು ಜೋಡಿ ಮಾಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಹಿಂದಿನ ನಾಲ್ಕೈದು ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿಯೇ ಜೋಡಿ ಆರಿಸಿ.

ಹಂತ 7: ನಿಮ್ಮ ಉತ್ತರವನ್ನು ನೀವೇ ಬೀಳಿಸಲು ನೋಡಿ

ಮೊದಲ ಪರೀಕ್ಷೆ: ಮದ್ದು ಮುಟ್ಟಲಾರದ ಒಂದು ಫಲಿತಾಂಶ ಆರಿಸಿ. ಮೇ ತಿಂಗಳಲ್ಲಿ ಮಂಗ ಹಾಳು ಮಾಡಿದ ಎಳೆ ಅಡಿಕೆಯ ಲೆಕ್ಕ ಇದ್ದರೆ ಅದು ಚೆನ್ನಾಗಿ ಒಪ್ಪುತ್ತದೆ. ಜುಲೈನ ಮದ್ದು ಮೇ ತಿಂಗಳ ಮಂಗವನ್ನು ಓಡಿಸಲಾರದು. ಆದರೂ ಅದೇ ಲೆಕ್ಕದಲ್ಲಿ "ಪರಿಣಾಮ" ಕಂಡರೆ, ನೀವು ಅಳೆಯುತ್ತಿರುವುದು ಮದ್ದನ್ನಲ್ಲ, ತೋಟ ನೋಡಿಕೊಳ್ಳುವವರ ಕಾಳಜಿಯನ್ನು.

ಎರಡನೆಯದು: ಕಾಣದೇ ಉಳಿದ ಕನ್‌ಫೌಂಡರ್ ಎಷ್ಟು ಬಲವಾಗಿದ್ದರೆ ಉತ್ತರ ಬಿದ್ದುಹೋಗುತ್ತದೆ? 2017ರಲ್ಲಿ ವ್ಯಾಂಡರ್‌ವೀಲ್ ಮತ್ತು ಡಿಂಗ್ ಇ-ವ್ಯಾಲ್ಯೂ ಅನ್ನುವ ಸುಲಭ ಅಳತೆ ಕೊಟ್ಟರು. ನಮ್ಮ ಉದಾಹರಣೆಯಲ್ಲಿ 32.5ನ್ನು 17.5ರಿಂದ ಭಾಗಿಸಿದರೆ 1.86. ಇದರಿಂದ 1 ಕಳೆದು, ಬಂದದ್ದನ್ನು 1.86ರಿಂದಲೇ ಗುಣಿಸಿ, ವರ್ಗಮೂಲ ತೆಗೆದು, ಮತ್ತೆ 1.86 ಕೂಡಿಸಿ. ಸುಮಾರು 3.1 ಬರುತ್ತದೆ. ಅಂದರೆ ಕಾಣದ ಒಂದು ಸಂಗತಿ ಮದ್ದಿನ ಜೊತೆಗೂ ಕೊಳೆಯ ಜೊತೆಗೂ ತಲಾ 3.1 ಪಟ್ಟು ನಂಟು ಹೊಂದಿದ್ದರೆ ಮಾತ್ರ ಇಡೀ ಪರಿಣಾಮವನ್ನು ಅಳಿಸಬಲ್ಲದು. ಅಂಥದ್ದು ಇದೆಯೇ ಅಂತ ಉತ್ತರ ಕೊಡಬೇಕಾದವರು ತೋಟ ಬಲ್ಲವರು.

ಉಪಕರಣಗಳ ಬಗ್ಗೆ ಎರಡೇ ಮಾತು. ಬಾಣದ ಚಿತ್ರಕ್ಕೆ ಡ್ಯಾಗಿಟಿ ಸಾಕು, ಬ್ರೌಸರ್‌ನಲ್ಲೇ ನಡೆಯುತ್ತದೆ, ಯಾವುದನ್ನು ಸೇರಿಸಬೇಕು ಅಂತ ಹೇಳುತ್ತದೆ. ಲೆಕ್ಕಕ್ಕೆ ಪೈಥಾನ್‌ ಭಾಷೆಯಲ್ಲಿ ಡೂವೈ, ಆರ್ ಭಾಷೆಯಲ್ಲಿ ಮ್ಯಾಚ್‌ಇಟ್. ಇವುಗಳಲ್ಲಿ ಡೂವೈ ನನಗೆ ಇಷ್ಟ, ಯಾಕೆಂದರೆ ಅದು ಮೊದಲು ಚಿತ್ರ ಕೇಳುತ್ತದೆ, ಕೊನೆಗೆ ಉತ್ತರವನ್ನು ಬೀಳಿಸುವ ಪರೀಕ್ಷೆಗಳನ್ನೂ ಇಟ್ಟುಕೊಂಡಿದೆ.

ಹಂತ 8: ಮುಂದಿನ ಮಳೆಗಾಲಕ್ಕೆ ನೋಟ್‌ಬುಕ್

ಇದನ್ನು ಓದಿ ಏನಾದರೂ ಶುರು ಮಾಡುವುದಿದ್ದರೆ ಮೇ ತಿಂಗಳಲ್ಲೇ ಮಾಡಿ. ಕೊಳೆ ಬಂದ ಮೇಲೆ ಕೇಳಿದರೆ ನೆನಪು ಬದಲಾಗಿರುತ್ತದೆ. ನಷ್ಟ ಆದವರು ಮದ್ದಿನ ದಿನಾಂಕವನ್ನು ಒಂದು ರೀತಿ ಹೇಳುತ್ತಾರೆ, ಆಗದವರು ಇನ್ನೊಂದು ರೀತಿ. ತೋಟ ತಗ್ಗೋ ಎತ್ತರವೋ, ಮಧ್ಯಾಹ್ನ ಎಷ್ಟು ಹೊತ್ತು ಬಿಸಿಲು, ಬಸಿಗಾಲುವೆ ಇದೆಯೇ, ಹೋದ ವರ್ಷ ಎಷ್ಟು ಕೊನೆ ಹೋಯಿತು, ಮರದ ವಯಸ್ಸು, ದೋಟಿ ಇದೆಯೇ, ಪಕ್ಕದ ತೋಟ ಯಾರದ್ದು ಮತ್ತು ಅವರು ಹೊಡೆಯುತ್ತಾರೆಯೇ, ಇಷ್ಟನ್ನು ಮಳೆಗೆ ಮೊದಲೇ ಬರೆದುಕೊಳ್ಳಿ. ಮದ್ದು ಹೊಡೆದ ದಿನವೇ ದಿನಾಂಕ, ಹದ ನೋಡಿದರೋ ಇಲ್ಲವೋ, ಆಮೇಲೆ ಎಷ್ಟು ಹೊತ್ತಿಗೆ ಮಳೆ ಬಂತು ಅಂತ ಬರೆಯಿರಿ. ಕೊನೆ ಎಣಿಸುವವರಿಗೆ ಯಾವ ತೋಟಕ್ಕೆ ಎಷ್ಟು ಸಲ ಬಿದ್ದಿದೆ ಅಂತ ಗೊತ್ತಿಲ್ಲದಿದ್ದರೆ ಒಳ್ಳೆಯದು. ತಾಮ್ರದ ನೀಲಿ ಕಲೆ ಹೇಗೂ ಕಾಣುತ್ತದೆ, ಹಾಗಾಗಿ ಪೂರ್ತಿ ಮುಚ್ಚಿಡಲು ಆಗುವುದಿಲ್ಲ. ಬೇರೆ ಊರಿನವರಿಂದ ಎಣಿಸಿದರೆ ಸಾಕು.

"ಎರಡನೇ ಸಲ ಯಾಕೆ ಹೊಡೆದಿರಿ, ಯಾಕೆ ಬಿಟ್ಟಿರಿ" ಅನ್ನುವ ಪ್ರಶ್ನೆಗೆ ಮಾತ್ರ ಟಿಕ್ ಹಾಕುವ ಚೌಕ ಇಡಬೇಡಿ. ಅರ್ಧ ಪುಟ ಖಾಲಿ ಬಿಡಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಮ್ಮ ಬಾಣದ ಚಿತ್ರದಲ್ಲಿ ಇಲ್ಲದ ಬಾಣ ಸಿಗುವುದು ಅಲ್ಲೇ.